ಕಾರಿನ ಆಟ ಯಾರ ಬಳೆ ಕದ್ದೈತೆ?

ಹೋದ ಸಲ ಅಡಿಕೆ ಸುಲಿಯೋ ಆಳುಗಳಿಗೆ ಬೆಳಗಿನ ತಿಂಡಿ ಹೆಂಗೆ ನಿಭಾಯ್ಸೋದು ಅಂತ ಬರೆದಿದ್ದೆ. ಬಾಳ ಜನ ಫೋನ್ ಮಾಡಿ ಚೆನ್ನಾಗೈತೆ ಅಂದ್ರಿ. ಈ ಸಲ ಅಡಿಗೆ ವಿಷಯ ಅಲ್ಲ. ಈ ಸಲ ಜಗಳ, ಅದೂ ನಿಮ್ಮ ಜೊತೆನೇ. ಬೈಯೋದಿದ್ರೆ ಬೈರಿ, ಆದ್ರೆ ಪೂರ್ತಿ ಓದಿ ಬೈರಿ.

ವಿಷಯ ಏನಪ್ಪಾ ಅಂದ್ರೆ, ನಮ್ಮ ತಂಗಿ ಮನೇಲಿ ಆದದ್ದು. ಅವ್ಳನ್ನ ಕೇಳೇ ಬರೀತಿದೀನಿ. "ಬರಿ ಅಕ್ಕ, ನಮ್ಮನೆ ಮರ್ಯಾದೆ ಹೋಗೋದು ಹೋಗೈತೆ, ನಾಲ್ಕು ಮನೇಲಿ ಬುದ್ಧಿ ಬಂದ್ರೆ ಬರ್ಲಿ" ಅಂದ್ಲು. ತಂಗಿಗೆ ಇಬ್ರು ಮಕ್ಳು. ದೊಡ್ಡೋನಿಗೆ 24, ದಾವಣಗೆರೆ ಅಂಗಡಿಯೊಂದ್ರಲ್ಲಿ ಕೆಲಸ. ಚಿಕ್ಕೋಳು ಒಂಬತ್ತನೇ ಕ್ಲಾಸು. ದೊಡ್ಡೋನು ಫೋನಿನಲ್ಲಿ ರಮ್ಮಿ ಆಡೋಕೆ ಶುರು ಮಾಡಿದ್ದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಾಗಿದ್ದು 2025ರ ಬೇಸಿಗೇಲಿ, ಮದುವೆ ಮನೆಗೆ ಹೊರಟಾಗ. ಬೀರು ತೆಗೆದು ನೋಡ್ತಾಳೆ, ನಮ್ಮವ್ವ ಕೊಟ್ಟ ಬಳೆ ಜೋಡಿ ಇಲ್ಲ. ಗಿರವಿ ಅಂಗಡೀಲಿ ಕುಂತಾವೆ. ಕೂಡಿ ಕಳೆದು ಲೆಕ್ಕ ಹಾಕಿದ್ರೆ ಅವ್ನು ಕಳೆದಿದ್ದು 1 ಲಕ್ಷ 80 ಸಾವಿರ.

ಅತ್ತು ಕರೆದು ಆಯ್ತು. ಆಮೇಲೆ ಹಿರೇರೆಲ್ಲ ಕುಂತು ಒಂದು ತೀರ್ಮಾನ ಮಾಡಿದ್ರು. ಏನು ಗೊತ್ತಾ? "ಇವತ್ತಿಂದ ಈ ಮನೇಲಿ ಯಾರೂ ಗೇಮ್ ಆಡಂಗಿಲ್ಲ." ಕೇಳೋಕೆ ಚೆನ್ನಾಗೈತೆ. ಆದ್ರೆ ದೊಡ್ಡೋನಿಗೆ ಕೆಲಸಕ್ಕೆ ಫೋನು ಬೇಕು, ಅದಕ್ಕೇ ಅವ್ನ ಫೋನು ಅವ್ನ ಜೇಬಲ್ಲೇ ಉಳೀತು. ಚಿಕ್ಕೋಳಿಗೆ ಭಾನುವಾರ ಅರ್ಧ ಗಂಟೆ ಅವರವ್ವನ ಫೋನು ಸಿಗ್ತಿತ್ತು, ಅದ್ರಲ್ಲಿ ಕಾರಿನ ಆಟ ಆಡ್ತಿದ್ಲು, ಅದನ್ನ ಕಿತ್ಕೊಂಡ್ರು. ಆಟಾನೂ ಅಳಿಸಿ ಹಾಕಿದ್ರು. ಬಳೆ ಕದ್ದೋನು ಅಣ್ಣ, ಶಿಕ್ಷೆ ಆಗಿದ್ದು ತಂಗಿಗೆ. ಮಾರನೇ ದಿನ ಆ ಹುಡ್ಗಿ ನಮ್ಮನೆಗೆ ಬಂದು ಹಿತ್ತಲ ಬಾಗಿಲಲ್ಲಿ ಕುಂತು ಕೇಳಿದ್ಲು, "ದೊಡ್ಡಮ್ಮ, ನಾನೇನು ಮಾಡ್ದೆ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ನಿಮ್ಮ ಹತ್ರ ಐತಾ?

ಇದನ್ನೇ ನಮ್ಮ ಸಂಘದ ವಾರದ ಸಭೇಲಿ ಎತ್ತಿದೆ. ಒಬ್ಬಾಯಮ್ಮ ಅಂದ್ರು, "ಅಯ್ಯೋ ಬಿಡ್ರಿ, ಗೇಮ್ ಅಂದ್ಮ್ಯಾಲೆ ಎಲ್ಲಾ ಒಂದೇ, ಇವತ್ತು ಕಾರು, ನಾಳೆ ಇಸ್ಪೀಟು." ಉಳಿದೋರೆಲ್ಲ ಹೂಂಗುಟ್ಟಿದ್ರು. ಇನ್ನೊಬ್ಬರು, "ಹೆಣ್ಣು ಹುಡ್ಗಿಗೆ ಯಾಕ್ರೀ ಕಾರಿನ ಆಟ, ರೊಟ್ಟಿ ತಟ್ಟೋದು ಕಲಿಸ್ರಿ" ಅಂದ್ರು. ಅವತ್ತು ಸುಮ್ಮನೆ ಎದ್ದು ಬಂದೆ. ಇವತ್ತು ಬರೀತಿದೀನಿ. ಎಲ್ಲಾ ಒಂದೇ ಅಲ್ಲ. ಕಡಲೆಹಿಟ್ಟೂ ಹಳದೀನೇ, ಅರಿಶಿನಾನೂ ಹಳದೀನೇ. ಅಷ್ಟಕ್ಕೇ ಅರಿಶಿನದಾಗೆ ಮಿರ್ಚಿ ಕರೀತೀವಾ?

ಮೊದ್ಲು ಆ ಕಾರಿನ ಆಟ ಏನು ಅಂತ ಹೇಳ್ತೀನಿ, ಯಾಕಂದ್ರೆ ಬೈದೋರಲ್ಲಿ ಒಬ್ರೂ ಅದನ್ನ ಕಣ್ಣಲ್ಲಿ ನೋಡಿಲ್ಲ. ನಾನು ನೋಡೀನಿ. ನೋಡೋದೇನು, ಆಡೀನಿ. ನಗ್ರಿ ಪರವಾಗಿಲ್ಲ. 54ನೇ ವಯಸ್ಸಲ್ಲಿ, ಪಿಯುಸಿ ಓದಿ ಮೂವತ್ತು ವರ್ಷದ ಮೇಲೆ ಒಲೆ ಮುಂದೆ ಕಳೆದ ಹೆಂಗಸು ನಾನು, ಮಧ್ಯಾಹ್ನ ಪಾತ್ರೆ ಎಲ್ಲಾ ಬೋರಲು ಹಾಕಿದ ಮ್ಯಾಲೆ ಎರಡು ಓಟ ಕಾರು ಓಡಿಸ್ತೀನಿ. ಧಾರಾವಾಹಿ ನೋಡಿ ಅತ್ತೆ-ಸೊಸೆ ವಿಷ ಹಾಕೋದನ್ನ ಕಲಿಯೋದಕ್ಕಿಂತ ಇದು ಮೇಲು.

ಆಟದ ಹೆಸ್ರು ಹೊರೈಜನ್ ಚೇಸ್. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ಅನ್ನೋ ಊರಲ್ಲಿ ಅಕ್ವಿರಿಸ್ ಅಂತ ಒಂದು ಸ್ವತಂತ್ರ ಕಂಪನಿ ಮಾಡಿದ್ದು. 2015ರಲ್ಲಿ ಫೋನಿಗೆ ಬಂತು. 2018ರಲ್ಲಿ ಹೊರೈಜನ್ ಚೇಸ್ ಟರ್ಬೋ ಅನ್ನೋ ಹೆಸ್ರಲ್ಲಿ ಕಂಪ್ಯೂಟರಿಗೂ ಪ್ಲೇಸ್ಟೇಷನ್ನಿಗೂ ಬಂತು. ನೋಡೋಕೆ ಹಳೇ ಕಾಲದ ಆಟ ಇದ್ದಂಗೇ ಐತೆ. ಬೇಕಂತಲೇ ಹಂಗೆ ಮಾಡ್ಯಾರೆ. 1986ರಲ್ಲಿ ಜಪಾನಿನ ಸೆಗಾ ಕಂಪನಿ ಔಟ್ ರನ್ ಅಂತ ಒಂದು ಆಟ ತಂದಿತ್ತು, ಮಾಡಿದೋರು ಯೂ ಸುಝುಕಿ. ಕಾರಿನಂಥ ದೊಡ್ಡ ಡಬ್ಬದೊಳಗೆ ಕುಂತು, ಕಾಸು ಹಾಕಿ, ಸ್ಟೇರಿಂಗ್ ಹಿಡಿದು ಆಡೋದು. 1992ರಲ್ಲಿ ಟಾಪ್ ಗೇರ್ ಅಂತ ಇನ್ನೊಂದು ಬಂತು, ಮನೆ ಟೀವಿಗೆ ಹಾಕಿ ಆಡೋದು. ಬ್ರೆಜಿಲ್ ಹುಡುಗ್ರಿಗೆ ಆ ಟಾಪ್ ಗೇರ್ ಅಂದ್ರೆ ಪ್ರಾಣ. ಅದನ್ನ ಆಡಿ ಬೆಳೆದೋರು ದೊಡ್ಡೋರಾಗಿ, ತಾವು ಚಿಕ್ಕೋರಿದ್ದಾಗ ಪಟ್ಟ ಖುಷಿನ ಮತ್ತೆ ಮಾಡಿ ಕೊಟ್ರು. ಟಾಪ್ ಗೇರಿಗೆ ಸಂಗೀತ ಮಾಡಿದ ಬ್ಯಾರಿ ಲೀಚ್ ಅವರನ್ನೇ ಹುಡುಕಿ ಕರೆದು ಇದಕ್ಕೂ ಸಂಗೀತ ಮಾಡಿಸಿದ್ರು. ನಮ್ಮವ್ವ ಮಾಡ್ತಿದ್ದ ಶೇಂಗಾ ಹೋಳಿಗೆ ಹದ ಸಿಗ್ಲಿ ಅಂತ ನಾವು ಒದ್ದಾಡ್ತೀವಲ್ಲ, ಅವರದ್ದೂ ಅಂಥದೇ ಒದ್ದಾಟ.

ಆ ಹಳೇ ಆಟ ನಮಗೂ ಹೊಸದಲ್ಲ ಕಣ್ರೀ. ನನ್ನ ಮಗ ಚಿಕ್ಕೋನಿದ್ದಾಗ ದಾವಣಗೆರೆಯಿಂದ ಟೀವಿಗೆ ಜೋಡಿಸೋ ಡಬ್ಬ ತಂದಿದ್ವಿ, ಹಳದಿ ಕ್ಯಾಸೆಟ್ಟು ಹಾಕೋದು. ಅದ್ರಲ್ಲಿ ರೋಡ್ ಫೈಟರ್ ಅಂತ ಇತ್ತು, ಜಪಾನಿನ ಕೊನಾಮಿ ಕಂಪನಿ 1984ರಲ್ಲಿ ಮಾಡಿದ್ದು. ಮೇಲಿಂದ ನೋಡಿದಂಗೆ ರಸ್ತೆ, ಕೆಂಪು ಕಾರು, ಪೆಟ್ರೋಲು ಖಾಲಿಯಾಗೋದ್ರೊಳಗೆ ಗುರಿ ಮುಟ್ಟಬೇಕು. ಓಣಿ ಹುಡುಗ್ರೆಲ್ಲ ನಮ್ಮ ಪಡಸಾಲೇಲಿ ಕುಂತು ಆಡ್ತಿದ್ರು, ನಾನು ಮಂಡಕ್ಕಿ ಕಲಸಿ ಕೊಡ್ತಿದ್ದೆ. ಆ ಹುಡುಗ್ರಲ್ಲಿ ಒಬ್ಬ ಇವತ್ತು ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರು, ಒಬ್ಬ ತೋಟ ನೋಡ್ಕೊಂಡವ್ನೆ. ಆ ಕಾರಿನ ಆಟದಿಂದ ಒಬ್ನೂ ಜೂಜುಕೋರ ಆಗ್ಲಿಲ್ಲ. ಆವಾಗ ನೀವ್ಯಾರೂ ಬೈಲಿಲ್ಲ. ನಿಮ್ಮ ಗಂಡು ಮಕ್ಳು ಅಲ್ಲೇ ಕುಂತಿದ್ರಲ್ಲ, ಅದಕ್ಕಾ?

ಈಗ ಹೊಸ ಆಟ ಹೆಂಗೆ ಆಡೋದು ಅಂತ ಕೇಳ್ರಿ. ಇಪ್ಪತ್ತು ಕಾರು ಓಡ್ತಾವೆ, ನಿಮ್ದು ಕಟ್ಟಕಡೇದು. ಒಂದೊಂದೇ ಕಾರು ದಾಟಿ ಮುಂದೆ ಹೋಗಬೇಕು. ದಾರಿ ಮ್ಯಾಲೆ ಪೆಟ್ರೋಲ್ ಡಬ್ಬಿ ಸಿಗ್ತಾವೆ, ನೀಲಿ ಬಿಲ್ಲೆ ಸಿಗ್ತಾವೆ, ಆರಿಸ್ಕೊಂಡು ಹೋಗಬೇಕು. ಜೋರು ಓಡೋಕೆ ನೈಟ್ರೋ ಅಂತ ಐತೆ, ಅದು ಒಂದು ಓಟಕ್ಕೆ ಇಷ್ಟೇ ಅಂತ ಲೆಕ್ಕ. ಶುರುವಿಗೇ ಖರ್ಚು ಮಾಡಿದ್ರೆ ಕೊನೇಲಿ ಬಾಯಿ ಬಾಯಿ ಬಡ್ಕೊಳ್ಳೋದೇ, ತಿಂಗಳ ಮೊದಲ ವಾರ ಸಂಬಳ ಮುಗಿಸಿದಂಗೆ. ಮಳೆ, ಹಿಮ, ಮರಳುಗಾಳಿ, ಜ್ವಾಲಾಮುಖಿ ಬೂದಿ ಎಲ್ಲಾದ್ರಲ್ಲೂ ಓಡಿಸ್ಬೇಕು. ಬ್ರೆಜಿಲ್, ಚಿಲಿ, ಐಸ್‌ಲ್ಯಾಂಡ್, ಜಪಾನ್ ಅಂತ ದೇಶ ದೇಶ ತಿರುಗ್ತಾವೆ ಕಾರು. ಭೂಪಟದಲ್ಲಿ ಐಸ್‌ಲ್ಯಾಂಡ್ ಎಲ್ಲೈತೆ ಅಂತ ನಮ್ಮ ಹುಡ್ಗಿ ಬೆರಳಿಟ್ಟು ತೋರಿಸ್ತಾಳೆ. ಅವರಣ್ಣನಿಗೆ ಗಿರವಿ ಅಂಗಡಿ ಎಲ್ಲೈತೆ ಅಂತ ಮಾತ್ರ ಗೊತ್ತು.

ಮುಖ್ಯ ವಿಷಯ ದುಡ್ಡು. ನಮ್ಮ ಮಗ ಫೋನಿಗೆ ಹಾಕಿಕೊಟ್ಟಾಗ ಮೊದಲ ಕೆಲವು ಓಟ ಪುಕ್ಸಟ್ಟೆ ಆಡೋಕೆ ಬಿಟ್ರು, ಇಷ್ಟ ಆದ್ರೆ ಒಂದು ಸಲ ದುಡ್ಡು ಕೊಟ್ಟು ಪೂರ್ತಿ ತೆಗೆದ್ಕೊಳ್ಳೋದು. ತೆಗೆದ್ಕೊಂಡ್ವಿ, ಮುಗೀತು. ಸೋತ್ರೆ ದುಡ್ಡು ಹೋಗಲ್ಲ, ಗೆದ್ರೆ ದುಡ್ಡು ಬರಲ್ಲ. ಸೋತ್ರೆ ಮತ್ತೆ ಓಡಿಸು, ಅಷ್ಟೇ. ನೆಟ್ಟು ಇಲ್ಲದಿದ್ರೂ ನಡೀತೈತೆ. ಒಂದು ಓಟ ಎರಡು ಮೂರು ನಿಮಿಷ, ಕುಕ್ಕರ್ ವಿಷಲ್ ಹೊಡೆಯೋದ್ರೊಳಗೆ ಮುಗಿದಿರ್ತೈತೆ. ಸುಳ್ಳು ಯಾಕೆ ಹೇಳ್ಲಿ, ಆಮೇಲೆ ಬೇರೆ ಕಂತುಗಳನ್ನೂ ತಂದ್ರು, ಅದಕ್ಕೆ ಬೇರೆ ದುಡ್ಡು. 2021ರಲ್ಲಿ ಐರ್ಟನ್ ಸೆನ್ನಾ ಹೆಸ್ರಲ್ಲಿ ಒಂದು ಬಂತು. ಸೆನ್ನಾ ಅಂದ್ರೆ ಬ್ರೆಜಿಲ್ಲಿನ ದೊಡ್ಡ ಕಾರು ಓಟಗಾರ, ಮೂರು ಸಲ ವಿಶ್ವ ಚಾಂಪಿಯನ್ನು, 1994ರಲ್ಲಿ ಓಟದಲ್ಲೇ ಜೀವ ಹೋಯ್ತು. ಅವರಕ್ಕ ಅವರ ಹೆಸ್ರಲ್ಲಿ ಮಕ್ಕಳ ಓದಿಗೆ ಸಂಸ್ಥೆ ನಡೆಸ್ತಾರೆ, ಆ ಕಂತಿನ ಲಾಭದಲ್ಲಿ ಒಂದು ಪಾಲು ಅಲ್ಲಿಗೆ ಅಂತ ಮಾಡಿದ್ರು. ಬೇಕಾದೋರು ತಗೊಳ್ಳೋದು, ಬ್ಯಾಡಾದೋರು ಬಿಡೋದು. 2023ರಲ್ಲಿ ಅಕ್ವಿರಿಸ್ ಕಂಪನೀನೇ ಎಪಿಕ್ ಅನ್ನೋ ದೊಡ್ಡ ಅಮೆರಿಕಾ ಕಂಪನಿ ಕೊಂಡ್ಕೊಂತು. ಮುಂದೆ ಹೆಂಗೋ ಏನೋ. ನಾನೇನು ಆ ಕಂಪನಿ ವಕೀಲಳಲ್ಲ.

ಈಗ ಆ ಕಡೆ ರಮ್ಮಿ ನೋಡ್ರಿ. ಶುರುವಿಗೆ ಅವರೇ ದುಡ್ಡು ಹಾಕ್ತಾರೆ, ಬೋನಸ್ಸು ಅಂತ. ಸ್ವಲ್ಪ ಗೆಲ್ತಾನೆ ಹುಡ್ಗ. ಆಮೇಲೆ ಸೋಲು, ಸೋತಿದ್ದನ್ನ ವಾಪಸ್ ತರೋಕೆ ಮತ್ತೊಂದು ಆಟ, ಅದಕ್ಕೆ ಸಾಲ, ಸಾಲಕ್ಕೆ ಅವ್ವನ ಬಳೆ. ಇದಕ್ಕೆ ಕೊನೆ ಅನ್ನೋದೇ ಇಲ್ಲ. ಟೀವೀಲಿ ದೊಡ್ಡ ದೊಡ್ಡ ಮುಖದೋರು ಬಂದು "ಆಡ್ರಿ" ಅಂತ ಕರೀತಿದ್ರು, ಕೊನೇಲಿ ಗಡಿಬಿಡೀಲಿ "ಚಟ ಹತ್ತಬಹುದು, ಹುಷಾರು" ಅಂತ ಒಂದೇ ಉಸಿರಿಗೆ ಓದಿ ಮುಗಿಸ್ತಿದ್ರು. ಮನೆಮಂದಿ ಎಲ್ಲಾ ಕುಂತು ನೋಡಿದ್ವಿ. ಯಾರಾದ್ರೂ ಟೀವಿ ಆರಿಸಿದ್ವಾ?

ಇನ್ನೊಂದು ತಮಾಷೆ ಕೇಳ್ರಿ. ನಮ್ಮ ರಾಜ್ಯದಲ್ಲಿ 2021ರಲ್ಲೇ ಪೊಲೀಸ್ ಕಾಯಿದೆ ತಿದ್ದಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಲ್ಲಿಸಿದ್ರು. ಕಂಪನಿಗಳು ಹೈಕೋರ್ಟಿಗೆ ಹೋದ್ವು. ನಮ್ದು ಜೂಜಲ್ಲ, ಕೌಶಲದ ಆಟ ಅಂತ ವಾದ. 2022ರ ಫೆಬ್ರವರಿ 14ಕ್ಕೆ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡ್ತು. ಕೋರ್ಟಿನ ಮಾತಿಗೆ ನಾನು ಎದುರು ಮಾತಾಡಲ್ಲ, ಕಾನೂನು ನಂಗೆ ಗೊತ್ತಿಲ್ಲ. ಆದ್ರೆ ಮನೆ ಹೆಂಗಸಿನ ಕಣ್ಣಿಗೆ ಕಾಣೋದು ಇಷ್ಟು: ಬಳೆ ನುಂಗಿದ್ದಕ್ಕೆ ಕೌಶಲ ಅನ್ನೋ ಹೆಸ್ರು ಸಿಕ್ತು. ನಿಜವಾಗ್ಲೂ ಕೈ, ಕಣ್ಣು, ತಾಳ್ಮೆ ಬೇಕಾದ ಕಾರಿನ ಆಟಕ್ಕೆ ನಮ್ಮ ಓಣೀಲಿ ಜೂಜು ಅನ್ನೋ ಹೆಸ್ರು ಸಿಕ್ತು. ಹೆಂಗೈತೆ ನೋಡ್ರಿ ನ್ಯಾಯ!

ಆಮೇಲೆ 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊಸ ಕಾಯಿದೆ ತಂತು. 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಡೆಸಿದ್ರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಕೊಟ್ರೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿ ಕಳ್ಕೊಂಡೋರಿಗೆ ಅದ್ರಲ್ಲಿ ಶಿಕ್ಷೆ ಇಟ್ಟಿಲ್ಲ. ನಮ್ಮ ಬಳೆ ಹೋದ ಮ್ಯಾಲೆ ಬಂತು, ಇರ್ಲಿ, ಬಂತಲ್ಲ. ಇದ್ರಲ್ಲಿ ನೀವು ನೋಡ್ಬೇಕಾದ್ದು ಒಂದೈತೆ. ಅದೇ ಕಾಯಿದೆ ದುಡ್ಡಿನ ಆಟ ಬೇರೆ, ಸುಮ್ಮನೆ ಮನರಂಜನೆಗೆ ಆಡೋ ಆಟ ಬೇರೆ ಅಂತ ಬೇರೆ ಬೇರೆ ಮಾಡೇ ಹೇಳೈತೆ. ದಿಲ್ಲೀಲಿ ಕುಂತೋರಿಗೆ ಗೊತ್ತಾದ ವ್ಯತ್ಯಾಸ ಕತ್ತಲಗೆರೆ ಹೆಂಗಸ್ರಿಗೆ ಗೊತ್ತಾಗಲ್ವಾ? ಅಕ್ಕೀಲಿ ಕಲ್ಲು ಆರ್ಸೋದು ನಮಗೆ ಯಾರಾದ್ರೂ ಹೇಳ್ಕೊಡ್ಬೇಕಾ?

ಈಗ ನೀವು ಅನ್ನೋ ಮಾತುಗಳಿಗೆ ಬರ್ತೀನಿ.

"ಚಟ ಹತ್ತತೈತೆ." ಹೌದು, ಹತ್ತಬಹುದು. ವಿಶ್ವ ಆರೋಗ್ಯ ಸಂಸ್ಥೆನೇ ಆಟದ ಚಟಾನ ಕಾಯಿಲೆ ಪಟ್ಟೀಲಿ ಸೇರ್ಸೈತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ನೆಟ್ಟು, ಆಟದ ಚಟ ಬಿಡಿಸೋಕೆ ಅಂತಲೇ ಷಟ್ ಕ್ಲಿನಿಕ್ಕು 2014ರಿಂದ ಐತೆ. ಮಗು ಊಟ ಬಿಟ್ಟು, ನಿದ್ದೆ ಬಿಟ್ಟು, ಸ್ಕೂಲು ಬಿಟ್ಟು ತಿಂಗಳಾನುಗಟ್ಲೆ ಅದರಾಗೇ ಮುಳುಗಿದ್ರೆ ಅದು ಕಾಯಿಲೆ, ಡಾಕ್ಟ್ರ ಹತ್ರ ಹೋಗ್ರಿ, ನಾಚಿಕೆ ಪಡಬ್ಯಾಡ್ರಿ. ನಮ್ಮ ಹುಡ್ಗಿ ಆಡ್ತಿದ್ದಿದ್ದು ವಾರಕ್ಕೆ ಅರ್ಧ ಗಂಟೆ. ಅರ್ಧ ಗಂಟೆ ಕಾಯಿಲೆ ಆದ್ರೆ ದಿನಾ ರಾತ್ರಿ ಮೂರು ಧಾರಾವಾಹಿ ನೋಡೋ ನಮಗೆ ಏನಂತ ಹೆಸ್ರಿಡೋದು?

"ಜೋರಾಗಿ ಗಾಡಿ ಓಡ್ಸೋದು ಕಲೀತಾರೆ." ಈ ಮಾತಲ್ಲಿ ಸ್ವಲ್ಪ ಸತ್ಯ ಇರಬಹುದು ಅಂತ ನಾನೂ ಯೋಚ್ನೆ ಮಾಡ್ದೆ. ಆಟದಲ್ಲಿ ಗುದ್ದಿದ್ರೆ ಕಾರು ನಿಧಾನ ಆಗ್ತೈತೆ ಅಷ್ಟೇ, ಯಾರೂ ಸಾಯಲ್ಲ. ನಿಜದ ರಸ್ತೇಲಿ ಹಂಗಲ್ಲ. ಅದನ್ನ ಮಗೂಗೆ ಪಕ್ಕದಲ್ಲಿ ಕುಂತು ಹೇಳ್ಬೇಕು, ನಾನು ಹೇಳೀನಿ. ಆದ್ರೆ ನಮ್ಮ ಭದ್ರಾ ನಾಲೆ ದಂಡೆ ಮ್ಯಾಲೆ ಹೆಲ್ಮೆಟ್ ಇಲ್ದೆ ಮೂರು ಮೂರು ಜನ ಕುಂತು ಬೈಕ್ ಹಾರ್ಸ್ಕೊಂಡು ಹೋಗ್ತಾರಲ್ಲ, ಅವ್ರಿಗೆ ಯಾವ ಆಟ ಕಲಿಸ್ತು? ಲೈಸೆನ್ಸ್ ಬರೋ ಮೊದ್ಲೇ ಬೈಕ್ ಕೀಲಿ ಕೈಗೆ ಕೊಟ್ಟೋರು ನಾವೇ. ಹೊನ್ನಾಳಿ, ನ್ಯಾಮತಿ ಕಡೆ ಹೋರಿ ಬೆದರಿಸೋ ಹಬ್ಬಕ್ಕೆ ಗಂಡು ಹುಡುಗ್ರು ಹೋರಿ ಮುಂದೆ ಎದೆ ಕೊಟ್ಟು ನುಗ್ಗಿದ್ರೆ ಭಲೇ ಅಂತೀವಿ. ಹೆಣ್ಣು ಹುಡ್ಗಿ ಚಾಪೆ ಮ್ಯಾಲೆ ಕುಂತು ಹೆಬ್ಬೆರಳಲ್ಲಿ ಬೊಂಬೆ ಕಾರು ಓಡಿಸಿದ್ರೆ ಕೆಡ್ತಾಳೆ ಅಂತೀವಿ!

"ಪುಕ್ಸಟ್ಟೆ ಆಟ ಎಷ್ಟೋ ಅದಾವೆ, ದುಡ್ಡು ಕೊಟ್ಟು ಯಾಕೆ ತಗೋಬೇಕು?" ಇದನ್ನ ಕೇಳಿದೋರು ನನ್ನ ಯಜಮಾನ್ರೇ. ಪುಕ್ಸಟ್ಟೆ ಆಟಾನೂ ಹಾಕಿ ನೋಡೀನಿ. ಎರಡು ನಿಮಿಷಕ್ಕೊಂದು ಜಾಹೀರಾತು. ಒಂದು ಸಲ ಮಗು ಕಾರು ಓಡಿಸ್ತಾ ಇರೋವಾಗ ಮಧ್ಯದಲ್ಲಿ ರಮ್ಮಿ ಜಾಹೀರಾತೇ ಬಂತು. ಇನ್ನೊಂದರಲ್ಲಿ ಒಳ್ಳೇ ಕಾರು ಬೇಕಾದ್ರೆ ದುಡ್ಡು ಕೊಡು, ಬ್ಯಾಡಾದ್ರೆ ನಾಲ್ಕು ಗಂಟೆ ಕಾಯಿ ಅಂತು. ಅವ್ರು ಪುಕ್ಸಟ್ಟೆ ಕೊಡೋದು ಜಾತ್ರೇಲಿ ಬಳೆಗಾರ ಮೊದ್ಲು ಒಂದು ಬಳೆ ಸುಮ್ಮನೆ ತೊಡಿಸ್ತಾನಲ್ಲ ಹಂಗೆ. ಬೆಲೆ ಹೇಳಿ ಮಾರೋನೇ ವಾಸಿ, ಕೊಟ್ವಿ, ತಗೊಂಡ್ವಿ, ಋಣ ತೀರ್ತು.

"ಹೆಣ್ಣಿಗ್ಯಾಕೆ?" ಇದಕ್ಕೆ ಮಾತ್ರ ನಂಗೆ ಕೋಪ ಬರ್ತೈತೆ. ಆ ಹುಡ್ಗಿ ನೋಟ್‌ಬುಕ್ಕಿನ ಹಿಂದಿನ ಹಾಳೇಲಿ ಕಾರು ಬರೀತಾಳೆ. ದೂರದ ಮರ ಚಿಕ್ಕದು, ಹತ್ರದ ಮರ ದೊಡ್ಡದು ಅಂತ ಲೆಕ್ಕ ಹಾಕಿ ಬರೀತಾಳೆ. "ದೊಡ್ಡಮ್ಮ, ಹಳೇ ಆಟದಲ್ಲಿ ಮರ ಓಡಿ ಬರಲ್ಲ, ಅದೇ ಚಿತ್ರಾನ ದೊಡ್ಡದು ಮಾಡ್ತಾ ಹೋಗ್ತಾರೆ, ನಮಗೆ ಹತ್ರ ಬಂದಂಗೆ ಕಾಣ್ತೈತೆ" ಅಂತ ನಂಗೆ ಹೇಳಿಕೊಟ್ಟಿದ್ದು ಅವ್ಳೇ. ಇದು ಕೆಡೋ ಲಕ್ಷಣಾನಾ? ಬೆಂಗಳೂರಲ್ಲಿ 1997ರಲ್ಲೇ ಧ್ರುವ ಇಂಟರ್ಯಾಕ್ಟಿವ್ ಅಂತ ಕಂಪನಿ ಶುರುವಾಯ್ತು, ರಾಜೇಶ್ ರಾವ್ ಅನ್ನೋರು ಕಟ್ಟಿದ್ದು. ಹೊರದೇಶದ ಆಟಗಳಿಗೆ ಚಿತ್ರ ಬಿಡಿಸಿ ಕೊಡೋ ಕೆಲಸ. 2019ರಲ್ಲಿ ರಾಕ್‌ಸ್ಟಾರ್ ಅನ್ನೋ ಜಗತ್ತಿನ ದೊಡ್ಡ ಆಟದ ಕಂಪನಿ ಅದನ್ನ ಕೊಂಡ್ಕೊಂತು. ಅಂದ್ರೆ ಆಟಕ್ಕೆ ಕಾರು, ಮರ, ರಸ್ತೆ ಬಿಡಿಸೋದೇ ಒಂದು ಉದ್ಯೋಗ, ನಮ್ಮ ರಾಜ್ಯದಲ್ಲೇ ಐತೆ. ನಮ್ಮ ಹುಡ್ಗಿ ಅಲ್ಲಿಗೇ ಹೋಗ್ತಾಳೆ ಅಂತ ನಾನು ಹೇಳ್ತಿಲ್ಲ. ಹೋಗೋ ದಾರಿಗೆ ಈಗ್ಲೇ ಮುಳ್ಳು ಬಡೀಬ್ಯಾಡ್ರಿ ಅಂತಿದೀನಿ.

ನಿಜ ಹೇಳ್ಬೇಕಂದ್ರೆ ನಮಗೆ ಕಳ್ಳನ್ನ ಹಿಡಿಯೋಕೆ ಭಯ. ದೊಡ್ಡೋನ ಫೋನು ಕೇಳಿದ್ರೆ ಮನೆ ಬಿಟ್ಟು ಹೋಗ್ತಾನೋ, ಏನಾದ್ರೂ ಮಾಡ್ಕೊಂತಾನೋ ಅಂತ ಭಯ. ಚಿಕ್ಕೋಳು ಬೈದ್ರೆ ಅತ್ತು ಸುಮ್ಮನಾಗ್ತಾಳೆ. ಅದಕ್ಕೇ ಅವ್ಳ ಮ್ಯಾಲೆ ಕಾನೂನು ಮಾಡಿದ್ವಿ. ಮನೇಲಿ ಏನೋ ಒಂದು ಕ್ರಮ ತಗೊಂಡ್ವಿ ಅಂತ ನಮಗೂ ಸಮಾಧಾನ ಆಗಬೇಕಿತ್ತು.

ನಾನು ಹೇಳೋದು ಇಷ್ಟು. ಆಟ ಯಾವ್ದೇ ಇರ್ಲಿ, ಮಕ್ಳ ಕೈಗೆ ಕೊಡೋ ಮುಂಚೆ ಮೂರು ಮಾತು ಕೇಳ್ರಿ. ಗೆದ್ರೆ ಸೋತ್ರೆ ದುಡ್ಡು ಓಡಾಡ್ತೈತಾ? ಓಡಾಡಿದ್ರೆ ಅವತ್ತೇ ಅಳಿಸಿ ಹಾಕ್ರಿ. ಒಂದು ಸಲ ಕೊಟ್ರೆ ಮುಗೀತಾ, ಇಲ್ಲ ದಿನಾ ಕೈ ಚಾಚ್ತೈತಾ? ಚಾಚಿದ್ರೆ ಬ್ಯಾಡ. ಆಡ್ಲಿಲ್ಲ ಅಂದ್ರೆ "ಬಾ, ಬಾ" ಅಂತ ಟಿಂಗ್ ಟಿಂಗ್ ಅಂತ ಕರೀತೈತಾ? ಕರೆದ್ರೆ ಆ ಗಂಟೆ ಬಂದ್ ಮಾಡ್ರಿ. ಇನ್ನು ದೊಡ್ಡೋರ ವಿಷಯ. ಬ್ಯಾಂಕಿಗೆ ಹೋಗಿ ಫೋನಿಂದ ದಿನಕ್ಕೆ ಇಷ್ಟೇ ದುಡ್ಡು ಹೋಗಂಗೆ ಮಿತಿ ಹಾಕಿಸ್ರಿ. ಪಿನ್ ನಂಬರು ಮಕ್ಳಿಗೆ ಹೇಳಬ್ಯಾಡ್ರಿ, ಎಷ್ಟೇ ದೊಡ್ಡೋರಾಗಿರ್ಲಿ. ಸಾಲದ ಆಪು ಇದ್ರೆ ತೆಗೆಸ್ರಿ. ಚಟ ಹತ್ತಿದೋನನ್ನ ಬೈದು ಬಿಟ್ರೆ ಬಿಡಲ್ಲ, ಡಾಕ್ಟ್ರಿಗೆ ತೋರಿಸ್ರಿ. ನಮ್ಮ ತಂಗಿ ಮಗನ್ನ ಹೋದ ತಿಂಗ್ಳು ಕರ್ಕೊಂಡು ಹೋದ್ವಿ. ಈಗ ಸಂಬಳ ಬಂದ ದಿನಾನೇ ಅವರವ್ವನ ಕೈಗೆ ಕೊಡ್ತಾನೆ, ಬಳೆ ಬಿಡಿಸ್ಕೊಳ್ಳೋಕೆ ಇನ್ನೂ ಐದು ಕಂತು ಬಾಕಿ ಅದಾವೆ.

ಹುಡ್ಗಿ ಆಟ ಮಾತ್ರ ಇನ್ನೂ ವಾಪಸ್ ಬಂದಿಲ್ಲ. ತಂಗಿ "ನೋಡಾನ ಅಕ್ಕ" ಅಂತಾಳೆ. ಅವಳತ್ತೆ "ಬ್ಯಾಡ" ಅಂತಾರೆ. ಅದಕ್ಕೇ ಈ ಭಾನುವಾರ ಸಂಜೆ ನಾಲ್ಕಕ್ಕೆ ಹುಡ್ಗಿನ ನಮ್ಮನೆಗೆ ಕರೆದೀನಿ. ಆಟ ಜೂಜು ಅಂದ ಆಯಮ್ಮನ್ನೂ, ರೊಟ್ಟಿ ತಟ್ಟೋದು ಕಲಿಸ್ರಿ ಅಂದೋರನ್ನೂ ಕರೆದೀನಿ, ತಂಗಿ ಅತ್ತೇನೂ ಬರ್ತೀನಿ ಅಂದಾರೆ. ನೀವೂ ಬರ್ರಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿರ್ತೀನಿ. ಒಬ್ಬೊಬ್ರು ಒಂದೊಂದು ಓಟ ಆಡ್ರಿ, ಹೆಂಗೆ ಅಂತ ಹುಡ್ಗಿ ಹೇಳಿಕೊಡ್ತಾಳೆ. ಆಮೇಲೆ ಅವ್ಳ ಮುಂದೇನೇ ಹೇಳ್ರಿ, ಅವ್ಳದ್ದು ಏನು ತಪ್ಪು ಅಂತ.